ಕಾರ್ಡಿನಲ್ಲಿ ಸಿಕ್ಕಿಬಿದ್ದ ನಗು

ಹೆಂಡತಿ ತವರಿಗೆ ಹೋದರೆ ಗಂಡನಿಗೆ ಸ್ವರ್ಗ ಎಂದವನಿಗೆ ನನ್ನ ಕೈಯಾರೆ ಮಾಡಿದ ಸಾರು ಬಡಿಸಬೇಕು. ಬಾಣಂತನಕ್ಕೆಂದು ಮೈತ್ರೇಯಿ ಸಿದ್ದಾಪುರದಲ್ಲಿದ್ದಳು, ನಾನು ಯಲ್ಲಾಪುರದಲ್ಲಿ ಸೊಸೈಟಿಯ ಗುಮಾಸ್ತ. ಮಗಳು ಸಮೃದ್ಧಿಯನ್ನು ನೋಡಿದ್ದು ನಾಮಕರಣದ ದಿನ ಮಾತ್ರ. ಆಕೆ ಇಡೀ ದಿನ ನಿದ್ದೆ ಹೊಡೆದಿದ್ದಳು.

ಒಂದು ಸಂಜೆ ಮೈತ್ರೇಯಿಯ ಫೋನು ಬಂತು.

"ಕೂಸು ಈಗ ನಗ್ಯಾಡ್ತು! ಬಾಯ್ತುಂಬ ನಗ್ಯಾಡ್ತು! ನಿಂಗಕ್ಕೆ ಬಪ್ಪಲೆ ಆಗ್ತಿಲ್ಯಾ?"

"ಭಾನುವಾರ ಒಂದೇ ರಜೆ. ಈಗಿನ ಕಾಲದಲ್ಲಿ ಓಡಾಟ ಎಂತಕ್ಕೆ? ಫೋಟೋ ತೆಗೆದು ಕ್ಯಾಮೆರಾದ ಮೆಮೊರಿ ಕಾರ್ಡ್ ಕಳಿಸಿ. ಆನು ಕಂಪ್ಯೂಟರಲ್ಲಿ ದಿನಾ ನೋಡ್ತೆ" ಎಂದೆ. (ಆ ವರ್ಷವಷ್ಟೇ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಕೊಂಡಿದ್ದೆ. ಅದಕ್ಕೊಂದು ಕೆಲಸ ಬೇಕಿತ್ತು.)

ಭಾವಮೈದುನ ಸಂದೇಶ ತನ್ನ ಗೆಳೆಯನ ಡಿಜಿಟಲ್ ಕ್ಯಾಮೆರಾ ತಂದು ಫೋಟೋ ತೆಗೆದ. ಕ್ಯಾಮೆರಾ ಗೆಳೆಯನಿಗೆ ಮರಳಿತು, ಕಾರ್ಡು ಬಸ್ ಕಂಡಕ್ಟರ್ ಕೈಯಲ್ಲಿ ನನಗೆ ಬಂತು. ಹೆಬ್ಬೆರಳ ಉಗುರಿನಷ್ಟಗಲ! ಅದರೊಳಗೆ ನನ್ನ ಮಗಳ ನಗು! ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಸುಮುಹೂರ್ತದಲ್ಲಿ ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸಿದ್ದ ಕಾರ್ಡ್ ರೀಡರಿಗೆ ತೂರಿಸಿದೆ. ರೀಡರಿನ ಬಾಯಿ ದೊಡ್ಡದು. ಕಾರ್ಡು ಬಾವಿಗೆ ಬಿದ್ದ ತಂಬಿಗೆಯಂತೆ ಒಳಗೆ ಮಾಯವಾಯಿತು. ಮೈತ್ರೇಯಿಯ ಹೇರ್‌ಪಿನ್ ಹುಡುಕಿ ತಂದು ಕೆದಕಿ ತೆಗೆದೆ. ಪಿನ್ನಿಗೆ ಇನ್ನೂ ಅವಳ ತಲೆಯೆಣ್ಣೆಯ ವಾಸನೆಯಿತ್ತು. ಸ್ವಲ್ಪ ಹೊತ್ತು ಕಾರ್ಡನ್ನೇ ಮರೆತು ಕೂತೆ.

ಭಾನುವಾರ ಶಿರಸಿಯ ಕಂಪ್ಯೂಟರ್ ಅಂಗಡಿಗೆ ಓಡಿದೆ. ಮಾಲೀಕ ಸದಾಶಿವ ಬನವಾಸಿ ಕಡೆಯವನು.

"ಬರ್ರಿ ಸಾಹೇಬ್ರ. ನಿಮ್ಮ ರೀಡರ್ ಒಂದು ಜಾತಿ, ಕಾರ್ಡ್ ಒಂದು ಜಾತಿ ಐತ್ರಿ."

"ಎಲ್ಲದರ ಕೆಲಸವೂ ಫೋಟೋ ಹಿಡಿದಿಡುವುದೇ ಅಲ್ಲವೇನ್ರೀ?"

"ಒಂದೊಂದು ಕಂಪನಿ ಒಂದೊಂದು ಮಠಾ ಕಟ್ಕೊಂಡೈತ್ರಿ. ಇವರ ಪ್ರಸಾದ ಅವರು ಮುಟ್ಟಂಗಿಲ್ಲ. ಫೋಟೋ ಇಲ್ಲೇ ತೋರಿಸ್ಲೇನ್ರಿ?"

ಮಗಳ ಮೊದಲ ನಗುವನ್ನು ಅಂಗಡಿಯಲ್ಲಿ, ಹತ್ತು ಜನರೆದುರು ನೋಡುವುದೇ? ಛೇ! ಹೊಸ ರೀಡರ್ ಕೊಂಡು ಯಲ್ಲಾಪುರಕ್ಕೆ ಮರಳಿದೆ.

ಈ ಸಲ ಕಾರ್ಡು ಸರಿಯಾಗಿ ಕೂತಿತು. ಆದರೆ ನನ್ನ ಕಂಪ್ಯೂಟರಿಗೆ ರೀಡರಿನ ಪರಿಚಯವೇ ಇರಲಿಲ್ಲ! ಪರಿಚಯ ಮಾಡಿಸಲು ಬೇರೆ ಸಿ.ಡಿ. ಬೇಕಂತೆ. ಮರುವಾರ ಮತ್ತೆ ಶಿರಸಿಗೆ ಹೋಗಿ ಸಿ.ಡಿ. ತಂದೆ. ಅದು ಹೊಸ ವಿಂಡೋಸಿಗಾಗಿ ಮಾಡಿದ್ದು, ನನ್ನದು ಹಳೆಯದು. ಅದರ ಮರುವಾರ ಕಂಪ್ಯೂಟರಿನ ಡಬ್ಬವನ್ನೇ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ.

"ಎಂತದಾ ತಮಾ ಅದು, ಗ್ರೈಂಡರಾ?" ಎಂದು ಪಕ್ಕದ ಅಜ್ಜಿ ಕೇಳಿದಳು.

ಸದಾಶಿವ ಏನೇನೋ ಒತ್ತಿದ. ಅಂತೂ ಫೋಟೋ ತೆರೆಯಿತು. ಅಂಗಡಿಯಲ್ಲಿದ್ದವರೆಲ್ಲ ನನ್ನ ಹೆಗಲ ಮೇಲಿಂದ ಬಗ್ಗಿದರು. ಒಂದು ಕುಲಾವಿ, ಸಂದೇಶನ ಹೆಬ್ಬೆರಳು, ನಡುವೆ ಅಲುಗಾಡಿಹೋದ ಒಂದು ಬಿಳಿ ಮಸಕು. ಇದ್ದದ್ದೇ ಅದೊಂದು ಫೋಟೋ.

"ಥೇಟ್ ನಿಮ್ಮಂಗೇ ಐತ್ರಿ!" ಎಂದ ಒಬ್ಬ.

ಎದುರಿನ ಎಸ್‌ಟಿಡಿ ಬೂತಿನಿಂದ ಮೈತ್ರೇಯಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ.

"ಹೋದ ವಾರ ಎಲ್ಲಿದ್ದಿದ್ರಿ?"

"ಶಿರಸಿ."

"ಅದ್ರ ಹಿಂದಿನ ವಾರ?"

"ಅದೂ ಶಿರಸಿನೇಯ."

ಆ ಕಡೆಯಿಂದ ಮೂಗೆಳೆದ ಸದ್ದು ಬಂತು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

"ಅಲ್ದ್ರಾ ಮಾರಾಯ್ರೇ, ಪ್ರತಿ ವಾರ ಅರ್ಧ ದಾರಿಗೆ ಬಂದು ತಿರುಗಿ ಹೋಗಿದ್ರಾ? ಸಿದ್ದಾಪುರದ ಬಸ್ಸು ಅಲ್ಲೇ ನಿಲ್ತು. ಆನು ಇಲ್ಲಿ ಅಂಗಳದ ದಣಪೆ ಬಾಗ್ಲು ನೋಡ್ತಾ ಕೂತಿದ್ದೆ."

ಡಬ್ಬವನ್ನು ಸದಾಶಿವನ ಅಂಗಡಿಯಲ್ಲೇ ಬಿಟ್ಟು ಬಸ್ಸು ಹತ್ತಿದೆ.

ಮೈತ್ರೇಯಿ ಬಾಗಿಲಲ್ಲೇ ನಿಂತಿದ್ದಳು. ಕೂಸನ್ನು ನನ್ನ ಕೈಗಿತ್ತಳು. ಸಮೃದ್ಧಿ ಕಣ್ಣರಳಿಸಿ ನನ್ನನ್ನು ನೋಡಿದಳು. ತುಟಿ ಕೊಂಕಿತು. ನಾನು ಉಸಿರು ಬಿಗಿಹಿಡಿದೆ. ಮರುಕ್ಷಣ ಮನೆಯ ಹೆಂಚು ಹಾರಿಹೋಗುವಂತೆ ಕಿರುಚಿದಳು!

ಅತ್ತೆ ಓಡಿಬಂದು ಎತ್ತಿಕೊಂಡರು. ಅಳು ನಿಂತಿತು. ಅವರ ಹೆಗಲ ಮೇಲಿಂದ ಎದುರಿನ ಗೋಡೆಯತ್ತ ನೋಡುತ್ತ ನನ್ನ ಮಗಳು ಬೊಚ್ಚುಬಾಯಿ ತೆರೆದು ನಕ್ಕಳು. ಎಂಥ ನಗು! ನೋಡಿದರೆ, ಅಲ್ಲೊಂದು ಹಲ್ಲಿ.

ನಾನು ಸದ್ದಿಲ್ಲದೆ ಹೋಗಿ ಹಲ್ಲಿಯ ಪಕ್ಕದಲ್ಲಿ ನಿಂತುಕೊಂಡೆ.