ಕಳ್ಳಿಗಿಡದ ಮೇಲೆ ಕುಳಿತವರು

ದೊಡ್ಡ ಲೆನ್ಸು ಕೊಂಡವನ ಮುಂದೆ ಹಕ್ಕಿಗಳು ತಾವಾಗಿಯೇ ಬಂದು ಪೋಸು ಕೊಡುತ್ತವೆ ಎಂದು ನಾನು ನಂಬಿದ್ದೆ. ಹಾಗೆ ನಂಬಿದ ಗಂಡಸರು ಅಮೆರಿಕದ ಜರ್ಮನ್‌ಟೌನಿನ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಇನ್ನೂ ಕೆಲವರಿದ್ದಾರೆ. ಅವರಿಗಾದರೂ ಉಪಯೋಗವಾಗಲಿ ಎಂದು ಇದನ್ನು ಹೇಳುತ್ತಿದ್ದೇನೆ. ವಾರವೆಲ್ಲ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂರುವವನಿಗೆ ಕೊಂಚ ದೊಡ್ಡ ಜೀವಿಗಳನ್ನು ನೋಡುವ ಆಸೆ ಹುಟ್ಟುವುದು ಸಹಜ. ಆದರೆ ಹಕ್ಕಿಗಳ ಹಿಂದೆ ಹೊರಡಲು ನಿಜವಾದ ಕಾರಣ ನಮ್ಮ ಮಗಳು ಮೇಘನಾ. ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಅವಳು ಹಾಕಿಕೊಂಡ ಕೋಣೆಯ ಬಾಗಿಲು, ಶಾಲೆ ತೆರೆದ ಮೇಲೂ ತೆರೆದಿರಲಿಲ್ಲ. ಊಟ ಹೇಗಿತ್ತಮ್ಮಾ? ಫೈನ್. ಶಾಲೆ? ಫೈನ್. ಜ್ವರ ಬಂದು ಮಲಗಿದ್ದಾಗಲೂ ಫೈನ್. ಬಾಗಿಲುಗಳೇ ಇಲ್ಲದ ಜಾಗಕ್ಕೆ ಕರೆದುಕೊಂಡು ಹೋದರೆ ಹೇಗೆ ಎಂದು ಯೋಚಿಸಿ, ವಸಂತದ ರಜೆಗೆ ಅರಿಝೋನಾದ ಮರುಭೂಮಿಗೆ ಟಿಕೆಟ್ ಮಾಡಿಸಿದೆ.

"ರೀ, ಹಕ್ಕಿ ನೋಡೋಕೆ ಯಾರಾದ್ರೂ ಮರುಭೂಮಿಗೆ ಹೋಗ್ತಾರಾ? ನಮ್ಮ ಬಾಲ್ಕನಿ ತುಂಬ ಪಾರಿವಾಳ ಇದೆಯಲ್ಲ!" ಎಂದಳು ಹೆಂಡತಿ ಸುಮಾ.

ಮರುಭೂಮಿಯೆಂದರೆ ಬರೀ ಮರಳು ಎಂದುಕೊಂಡಿದ್ದೆ. ಚಳಿಗಾಲದ ಮಳೆ ಕುಡಿದ ನೆಲವೆಲ್ಲ ಹಳದಿ ಹೂವಾಗಿತ್ತು. ಟ್ರಾಫಿಕ್ ಪೊಲೀಸರಂತೆ ಕೈಯೆತ್ತಿ ನಿಂತ ಎತ್ತರದ ಕಳ್ಳಿಗಳ ಪೊಟರೆಗಳಿಂದ ಮರಕುಟಿಗಗಳು ಇಣುಕುತ್ತಿದ್ದವು. ನಾನು ಟ್ರೈಪಾಡ್ ಬಿಡಿಸುವಷ್ಟರಲ್ಲಿ ಒಂದೂ ಇರುತ್ತಿರಲಿಲ್ಲ. "ನಿಮ್ಮ ಪಿಸುಮಾತು ಮೆಕ್ಸಿಕೋಗೂ ಕೇಳ್ಸುತ್ತೆ," ಎಂದು ಸುಮಾ ಹೇಳಿದ್ದರಲ್ಲಿ ಸತ್ಯಾಂಶವಿತ್ತು. ಮೇಘನಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಾರಿನಲ್ಲೇ ಕೂತಿದ್ದಳು.

ಮಾರನೆಯ ಬೆಳಿಗ್ಗೆ, ಹಾರುವುದಕ್ಕಿಂತ ಓಡುವುದನ್ನೇ ಇಷ್ಟಪಡುವ ಉದ್ದ ಬಾಲದ ಹಕ್ಕಿಯೊಂದು ನಮ್ಮೆದುರು ದಾರಿ ದಾಟಿತು. ಲೆನ್ಸಿನಿಂದ ಕಣ್ಣು ತೆಗೆಯದೆ ಅದನ್ನು ಇಡಿಯಾಗಿ ಚಿತ್ರದಲ್ಲಿ ಹಿಡಿಯಲು ಒಂದೊಂದೇ ಹೆಜ್ಜೆ ಹಿಂದೆ ಸರಿದೆ, ಸರಿದೆ, ಕೂತೇಬಿಟ್ಟೆ. ಕೂತದ್ದು ಕಳ್ಳಿಗಿಡದ ಮೇಲೆ. ನನ್ನ ಕೂಗಿಗೆ ಸುತ್ತಲಿನ ಹಕ್ಕಿಗಳೆಲ್ಲ ಹಾರಿಹೋದವು. ಮಗಳು ಮಾತ್ರ ಕಾರಿನಿಂದ ಓಡಿಬಂದಳು.

"ಅಪ್ಪಾ, ಡೋಂಟ್ ಟಚ್! ಕೈಗೂ ಅಂಟುತ್ತೆ. ಅಮ್ಮಾ, ಬಾಚಣಿಗೆ ಕೊಡು!"

"ನಿಂಗೆ ಹೇಗೆ ಗೊತ್ತೇ ಇದೆಲ್ಲ?" ಎಂದೆ.

"ಪ್ಲೇನಲ್ಲಿ ಓದ್ದೆ. ಡೆಸರ್ಟ್ ಬಗ್ಗೆ ಫುಲ್ ಓದ್ದೆ."

ದಾರಿಯುದ್ದಕ್ಕೂ ಫೋನಿನಲ್ಲಿ ಮುಳುಗಿದ್ದಾಳೆಂದು ನಾನು ಒಳಗೊಳಗೇ ಬೈದುಕೊಂಡಿದ್ದೆ. ಸುಮಾ ಬಾಚಣಿಗೆ ಕೊಟ್ಟು, ಔಷಧಿ ಡಬ್ಬಿ ತರಲು ಕಾರಿನ ಕಡೆ ಹೋದಳು. ಕ್ಯಾಮೆರಾವನ್ನು ನೆಲದ ಮೇಲಿಟ್ಟು ಬಂಡೆಯೊಂದರ ಮೇಲೆ ಬಗ್ಗಿ ನಿಂತೆ. ಮಗಳು ಬಾಚಣಿಗೆಯಿಂದ ಮುಳ್ಳುಗಳನ್ನು ಕೀಳತೊಡಗಿದಳು. ಅರ್ಧದಲ್ಲಿ ಅವಳ ಕೈ ನಿಂತಿತು.

"ಮೂವ್ ಮಾಡ್ಬೇಡ. ಹಕ್ಕಿ ಬಂತು."

ನಾನು ಕೂತೆದ್ದ ಕಳ್ಳಿಯ ಮೇಲೆಯೇ ಚುಕ್ಕೆ ಎದೆಯ ಪುಟ್ಟ ಹಕ್ಕಿಯೊಂದು ಕೊಕ್ಕಿನಲ್ಲಿ ಹುಲ್ಲು ಕಚ್ಚಿ ಕೂತಿತ್ತಂತೆ. ಅದರ ಗೂಡು ಆ ಮುಳ್ಳುಗಳ ನಡುವೆಯೇ ಇತ್ತಂತೆ. ಅಂತೆ ಎನ್ನುವುದೇಕೆಂದರೆ, ನನಗೆ ಕಾಣುತ್ತಿದ್ದದ್ದು ಬಂಡೆ ಮಾತ್ರ. ಮೇಘನಾ ನನ್ನ ಕ್ಯಾಮೆರಾ ಎತ್ತಿಕೊಂಡು ಮೆಲ್ಲಗೆ ಕಳ್ಳಿಯ ಆಚೆ ಬದಿಗೆ ಸರಿದಳು. ಕ್ಲಿಕ್. ಹಕ್ಕಿ ಹೋಯಿತು, ಬಂತು. ಕ್ಲಿಕ್. ಕಾಯುವ ನಡುವೆ ಅವಳು ಮೆತ್ತಗೆ ಹೇಳಿದಳು, "ಅಪ್ಪಾ, ಸ್ಕೂಲಲ್ಲಿ ಲಂಚ್‌ಗೆ ನಾನು ಒಬ್ಳೇ ಕೂತ್ಕೊತೀನಿ."

ನನ್ನ ಮುಖ ಕಾಣದಿದ್ದುದರಿಂದಲೇ ಅವಳಿಗೆ ಹೇಳಲು ಸಾಧ್ಯವಾಯಿತೇನೋ. ಬೇರೆ ಹೊತ್ತಾಗಿದ್ದರೆ ಗೆಳೆಯರನ್ನು ಮಾಡಿಕೊಳ್ಳುವುದು ಹೇಗೆಂದು ಉಪನ್ಯಾಸ ಕೊಡುತ್ತಿದ್ದೆ. ಆಗ ಬಾಯಿಬಿಟ್ಟರೆ ಹಕ್ಕಿ ಹಾರಿಹೋಗುತ್ತದೆಂದು ಸುಮ್ಮನಿದ್ದೆ. ಮುಳ್ಳುಗಳು ಇದ್ದಲ್ಲೇ ಇದ್ದವು.

"ಒಬ್ಳು ಹುಡುಗಿ ಇದ್ದಾಳೆ. ಬರೀ ಬರ್ಡ್ಸ್ ಡ್ರಾ ಮಾಡ್ತಾಳೆ. ಅವಳಿಗೆ ಈ ಫೋಟೋ ತೋರಿಸ್ಲಾ?"

"ತೋರ್ಸು ಪುಟ್ಟಾ," ಎಂದೆ, ಬಂಡೆಗೆ.

ತೋರಿಸಿದಳು. ಆ ಹುಡುಗಿ ಈಗ ಶನಿವಾರಗಳಂದು ನಮ್ಮ ಮನೆಗೆ ಬಂದು ಸುಮಾಳ ದೋಸೆ ತಿಂದು, ಮೇಘನಾಳನ್ನು ಹೊರಡಿಸಿಕೊಂಡು ಕೆರೆಯ ಬಳಿ ಕೊಕ್ಕರೆ ನೋಡಲು ಹೋಗುತ್ತಾಳೆ. ಲೆನ್ಸೂ ಅವರ ಜೊತೆಗೇ ಹೋಗುತ್ತದೆ.

ಫೋಟೋವನ್ನು ದೊಡ್ಡದಾಗಿ ಮಾಡಿಸಿ ಹಾಲ್‌ನ ಗೋಡೆಗೆ ಹಾಕಿದ್ದೇವೆ. ಮುಂದೆ ಹಕ್ಕಿ, ಗರಿಗರಿಯೂ ಸ್ಪಷ್ಟ. ಹಿಂದೆ ಮಸುಕಾಗಿ, ವಿಶಾಲವಾಗಿ, ನೀಲಿ ಜೀನ್ಸಿನಲ್ಲಿ ನಾನು. ಮೊನ್ನೆ ಊಟಕ್ಕೆ ಬಂದಿದ್ದ ಅಂಕಲ್ ಒಬ್ಬರು ಅದರ ಮುಂದೆ ಬಹಳ ಹೊತ್ತು ನಿಂತು, "ಹಿಂದಿರೋ ನೀಲಿ ಬೆಟ್ಟ ಎಷ್ಟು ಚೆನ್ನಾಗಿದೆ! ಏನ್ರೀ ಅದರ ಹೆಸರು?" ಎಂದರು. ಸುಮಾ ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಓಡಿದಳು.

"ಲೋಕಲ್ ಬೆಟ್ಟ ಅಂಕಲ್," ಎಂದೆ. "ಅಷ್ಟೇನೂ ಫೇಮಸ್ ಅಲ್ಲ."