ಹೂವಮ್ಮನ ಮಿಡಿ ಉಪ್ಪಿನಕಾಯಿಗೆ ಹಸಿರು ಬೊಟ್ಟು ಬಂದದ್ದು

ಎಲ್ಲರ ಮನದೊಳಗನ್ನೂ ಬಲ್ಲವನಾಗಿ, ಒಬ್ಬರದನ್ನು ಇನ್ನೊಬ್ಬರಿಗೆ ಎಂದೂ ಹೇಳದ ಇಕ್ಕೇರಿಯ ಅಘೋರೇಶ್ವರನಿಗೆ ಮೊದಲು ಅಡ್ಡಬೀಳುತ್ತೇನೆ. ಸ್ವಾಮೀ, ನಿನಗೆ ಗೌಪ್ಯತಾ ನೀತಿ ಎಂಬ ಪುಟವಿಲ್ಲ. ಆದರೂ ನಾವು ತಲೆತಲಾಂತರದಿಂದ ನಿನ್ನನ್ನು ನಂಬಿಕೊಂಡು ಬಂದಿದ್ದೇವೆ. ಅಜ್ಞಾನದಿಂದಾದ ಈ ಅಪರಾಧವನ್ನು ಮನ್ನಿಸು.

ತಾಳಗುಪ್ಪದ ಹತ್ತಿರದ ಹೂವಮ್ಮನವರ ಅಪ್ಪೆಮಿಡಿ ಉಪ್ಪಿನಕಾಯಿಯ ವೆಬ್‌ಸೈಟಿಗೆ ಕಳೆದ ವೈಶಾಖ ಶುದ್ಧ ಪಂಚಮಿಯಂದು ಕೆಂಪು ಬೊಟ್ಟು ಬಂದಿತು. ಇಟ್ಟದ್ದು ‘ಗುಟ್ಟುಗಾವಲು’ ಎಂಬ ಎಕ್ಸ್‌ಟೆನ್ಷನ್. ಅದನ್ನು ಬ್ರೌಸರಿಗೆ ಸೇರಿಸಿಕೊಂಡವರು ಯಾವ ಸೈಟಿಗೆ ಹೋದರೂ, ಇವರು ನಿಮ್ಮ ಮಾಹಿತಿಯನ್ನು ಎಷ್ಟು ಜೋಪಾನ ಮಾಡುತ್ತಾರೆಂದು ಅದು ಮೂಲೆಯಲ್ಲಿ ಬೊಟ್ಟಿಟ್ಟು ತೋರಿಸುತ್ತದೆ. ಹಸಿರಾದರೆ ನಂಬಿ, ಹಳದಿಯಾದರೆ ಯೋಚಿಸಿ, ಕೆಂಪಾದರೆ ಓಡಿ.

ಹೂವಮ್ಮನವರಿಗೆ ಇದು ತಿಳಿಯದು. ಸೊಸೆ ಚೈತನ್ಯಾಳ ಲ್ಯಾಪ್‌ಟಾಪಿನಲ್ಲಿ ಬೊಟ್ಟು ಕಂಡದ್ದೇ ಕೈಮುಗಿದರು. “ನೋಡೇ ಚೈತನ್ಯಾ, ದೇವಿ ತಾನಾಗೇ ಕುಂಕುಮ ಇಟ್ಟಿದಾಳೆ!” ಎಂದು ಲ್ಯಾಪ್‌ಟಾಪಿಗೆ ಆರತಿ ಎತ್ತಿದರು. ಪಕ್ಕದ ಮನೆಯವನಾದ ನಾನು ಗಂಟೆ ಬಾರಿಸಿದೆ.

ಮಾರನೇ ದಿನದಿಂದ ಆರ್ಡರು ದಿನಕ್ಕೊಂದು ಬಂದರೆ ಹೆಚ್ಚು ಎಂಬಂತಾಯಿತು. ಆರು ವರ್ಷದಿಂದ ಉಪ್ಪಿನಕಾಯಿ ತರಿಸುತ್ತಿದ್ದ ಮೈಸೂರಿನ ಸುಮನಾ ಎಂಬಾಕೆ, “ನನ್ನ ಮಾಹಿತಿ ನಿಮ್ಮ ಹತ್ತಿರ ಭದ್ರ ಇಲ್ಲವಂತೆ, ಕ್ಷಮಿಸಿ” ಎಂದು ಬರೆದು ದೂರವಾದರು. ಹೊಸನಗರದ ಹೊಳೆದಂಡೆಯ ಮಿಡಿ, ಅರಳಸುರಳಿಯಿಂದ ತರಿಸಿದ ಮಿಡಿ ಮೂವತ್ತೆರಡು ಭರಣಿಗಳಲ್ಲಿ ಖಾರ ಕುಡಿದು ಕೂತಿದ್ದವು. ಕೊಟ್ಟಿಗೆಯಲ್ಲಿ ಏಳು ಹೆಂಗಸರು ಕೆಲಸಕ್ಕಿದ್ದರು. ಆರಿದ್ರಾ ಮಳೆ ಹಿಡಿಯುವುದರೊಳಗೆ ಭರಣಿ ಖಾಲಿಯಾಗದಿದ್ದರೆ ಏಳು ಜನರನ್ನೂ ಮನೆಗೆ ಕಳಿಸಿ ಬೀಗ ಹಾಕಬೇಕಿತ್ತು.

ಹೂವಮ್ಮನವರ ಕ್ರಮ ಇಷ್ಟೇ. ಆರ್ಡರು ಬಂದರೆ ಚೈತನ್ಯಾ ವಿಳಾಸವನ್ನು ಚೀಟಿಗೆ ಬರೆದುಕೊಂಡು ಕಂಪ್ಯೂಟರಿನಿಂದ ಅಳಿಸುತ್ತಾಳೆ. ಪಾರ್ಸೆಲ್ ಹೋದ ಮಾರನೇ ಬೆಳಗ್ಗೆ ಹೂವಮ್ಮ ಆ ಚೀಟಿಯನ್ನು ಬಚ್ಚಲ ಒಲೆಗೆ ಹಾಕುತ್ತಾರೆ. “ಬೇರೆಯವ್ರ ಮನೆ ವಿಷ್ಯ ನಮ್ಮನೇಲಿ ಉಳೀಬಾರ್ದು” ಎಂಬುದು ಅವರ ಅತ್ತೆಯ ಕಾಲದ ನೇಮ.

ಇದನ್ನೇ ಚೈತನ್ಯಾ ಗುಟ್ಟುಗಾವಲಿಗೆ ಬರೆದಳು. ಉತ್ತರ ಬಂದಿತು:

“ಮಾನ್ಯರೇ, ನಿಯಮ 4ರಂತೆ ನಾವು ಅಂಕ ಕೊಡುವುದು ಗೌಪ್ಯತಾ ನೀತಿಯ ಬರವಣಿಗೆಗೆ ಮಾತ್ರ, ನಡತೆಗೆ ಅಂಕವಿರುವುದಿಲ್ಲ. ತಮ್ಮ ಸೈಟಿನಲ್ಲಿ ಅಂತಹ ನೀತಿಯ ಪುಟವೇ ಇರುವುದಿಲ್ಲ. ತಾವು ಸಂಗ್ರಹಿಸುವ ಮಾಹಿತಿಯ ಪಟ್ಟಿ ಸಲ್ಲಿಸತಕ್ಕದ್ದು.”

‘ಏನೂ ಇಲ್ಲ’ ಎಂದು ಅವಳು ಸಲ್ಲಿಸಿದಳು. ಮತ್ತೆ ಉತ್ತರ:

“ನಿಯಮ 7ರಂತೆ ‘ಏನೂ ಇಲ್ಲ’ ಎಂಬುದು ಮಾಹಿತಿಯ ಒಂದು ಬಗೆಯಲ್ಲ. ಪಟ್ಟಿ ಖಾಲಿ ಬಿಟ್ಟವರು ಮುಚ್ಚಿಡುತ್ತಿದ್ದಾರೆಂದು ಭಾವಿಸತಕ್ಕದ್ದು. ಮೇಲ್ಮನವಿಯ ಸಾಮಾನ್ಯ ಸರದಿ ಹನ್ನೊಂದು ತಿಂಗಳು. ತತ್ಕಾಲ್ ಸರದಿ ಶುಲ್ಕಸಹಿತ, ಮೂರು ದಿನ.”

ಇದೇ ಹೊತ್ತಿಗೆ ಬೇರೆ ಊರಿನ ದೊಡ್ಡದೊಂದು ಉಪ್ಪಿನಕಾಯಿ ಕಂಪನಿಯ ಸೈಟಿಗೆ ಹಸಿರು ಬೊಟ್ಟಿತ್ತು. ಬಾಟಲಿ ತೋರಿಸುವ ಮೊದಲೇ ಅದು ಫೋನ್ ನಂಬರು, ಹುಟ್ಟಿದ ದಿನ, ನಿಂತ ಜಾಗ ಎಲ್ಲ ಕೇಳುತ್ತಿತ್ತು. ಕೇಳಿದ್ದನ್ನು ನಲವತ್ತೆರಡು ಪಾಲುದಾರರಿಗೆ ಮಾರುತ್ತಿತ್ತು. ಮಾರುತ್ತೇವೆಂದು ಅರವತ್ತೊಂದು ಪುಟಗಳಲ್ಲಿ ಬರೆದುಕೊಂಡಿತ್ತು. ಇಷ್ಟು ಬಿಚ್ಚುಮನಸ್ಸಿನವರಿಗೆ ಕೊಡದೆ ಹಸಿರನ್ನು ಇನ್ಯಾರಿಗೆ ಕೊಡಬೇಕು?

ತತ್ಕಾಲ್ ಶುಲ್ಕ ಕಟ್ಟಿದ ಮೂರನೇ ದಿನ ಬೆಳಗಿನ ರೈಲಿಗೆ ಗುಟ್ಟುಗಾವಲಿನ ತಪಾಸಣಾಧಿಕಾರಿ ಆದೀಶ್ ಬಂದಿಳಿದರು. ಮೂಲತಃ ತೀರ್ಥಹಳ್ಳಿ ಕಡೆಯವರು, ಬಹಳ ವಿನಯವಂತರು.

“ರಾತ್ರಿಯೆಲ್ಲ ರೈಲಲ್ಲಿ ಬಂದ್ರಾ? ಮೊದ್ಲು ಸ್ನಾನ ಮಾಡ್ಕಳಿ, ನೀರು ಕಾದಿದೆ” ಎಂದರು ಹೂವಮ್ಮ.

ಮಿಂದು ಬಂದ ಆದೀಶ್ ಫಾರ್ಮು ತೆರೆದರು. “ಅಮ್ಮ, ಗಿರಾಕಿಗಳ ಮಾಹಿತಿ ಎಲ್ಲಿಟ್ಟಿದೀರಿ?”

“ಈಗ ಮಿಂದ್ರಲ್ಲ, ಆ ನೀರು ಕಾಯ್ಸಿದ್ದು ಅದ್ರಲ್ಲೇ.”

ಆದೀಶ್ ತಮ್ಮ ಒದ್ದೆ ತೋಳುಗಳನ್ನು ನೋಡಿಕೊಂಡು, ‘ಮಾಹಿತಿಯನ್ನು ಹೊರಗಿನವರ ಸ್ನಾನಕ್ಕೆ ಬಳಸಲಾಗಿದೆ’ ಎಂದು ನಮೂದಿಸಿದರು. ಆಮೇಲೆ, “ಸುಟ್ಟಿದ್ದಕ್ಕೆ ಸಾಕ್ಷಿ?” ಎಂದರು.

“ಬೂದಿ ಇದೆ ನೋಡಿ. ಒಂದು ಪೊಟ್ಟಣ ಕಟ್ಕೊಡ್ಲಾ? ಪಾತ್ರೆ ತಿಕ್ಕಕ್ಕೆ ಲಾಯಕ್ಕಿದೆ.”

“ಬೂದೀಲಿ ಹೆಸ್ರು ಓದಕ್ಕಾಗಲ್ಲ ಅಮ್ಮ. ಯಾರ್ಯಾರದ್ದು ಸುಟ್ರಿ ಅಂತ ಪಟ್ಟಿ ಬೇಕು. ಹೆಸ್ರು, ವಿಳಾಸ, ಸುಟ್ಟ ಹೊತ್ತು.”

“ಪಟ್ಟಿ ಇಟ್ಕೊಂಡ್ರೆ ಸುಟ್ಟು ಎಂತ ಬಂತು ಮಾರಾಯ್ರೆ?”

“ಪಟ್ಟಿ ಇದ್ರೇನೇ ಸುಟ್ಟಿದ್ದು ಗೊತ್ತಾಗೋದು.”

ಬಾಗಿಲಲ್ಲಿ ನಿಂತಿದ್ದ ಚೈತನ್ಯಾ, “ಅಂದ್ರೆ ಅಳಿಸಿದ್ದನ್ನ ಇಟ್ಕೊಂಡ್ರೆ ಮಾತ್ರ ಅಳಿಸಿದ ಹಾಗೆ” ಎಂದಳು.

“ಹೌದಕ್ಕ! ನಮ್ಮ ಆಫೀಸಲ್ಲೇ ಇಷ್ಟು ಬೇಗ ಯಾರಿಗೂ ಅರ್ಥ ಆಗಿರ್ಲಿಲ್ಲ” ಎಂದು ಆದೀಶ್ ಮನಸಾರೆ ಸಂತೋಷಪಟ್ಟರು. ನಂತರ ದನಿ ತಗ್ಗಿಸಿ ಉಪಾಯ ಹೇಳಿದರು: “ಅಮ್ಮ, ನೀವೂ ಜನರನ್ನ ಏನಾದ್ರೂ ಕೇಳಿ. ಕೇಳಿದ್ದನ್ನ ಇಟ್ಕಳಿ. ಇಟ್ಕೊಂಡಿದೀವಿ ಅಂತ ಬರೀರಿ. ಅಷ್ಟೇ.”

“ನಂಗೆ ಬೇಡದ್ದನ್ನ ಕೇಳೋದು ಪಾಪ ಅಲ್ವಾ?” ಎಂದು ಹೂವಮ್ಮ ನನ್ನ ಮುಖ ನೋಡಿದರು.

“ಏಳು ಮನೆ ಒಲೆ ಉರೀಬೇಕಲ್ಲ ಹೂವಮ್ಮಕ್ಕಾ. ದೇವರ ಮೇಲೆ ಭಾರ ಹಾಕಿ ಕೇಳಿಬಿಡಿ” ಎಂದೆ.

ಇಷ್ಟು ವರ್ಷ ಎಷ್ಟನ್ನು ತಡೆದುಕೊಂಡಿದ್ದರೋ ಏನೋ, ಹೂವಮ್ಮ ಒಂದೇ ಮಧ್ಯಾಹ್ನದಲ್ಲಿ ಮೂವತ್ತೊಂದು ಪ್ರಶ್ನೆ ಹೇಳಿ ಬರೆಸಿದರು. ಮನೆಯಲ್ಲಿ ಯಾರಿಗೆ ಬಿಪಿ, ಅತ್ತೆ-ಸೊಸೆಗೆ ಒಂದೇ ಒಲೆಯೋ ಎರಡೋ, ಮಗಳಿಗೆ ಗಂಡು ನೋಡುತ್ತಿದ್ದೀರಾ, ನೋಡುತ್ತಿಲ್ಲವಾದರೆ ಯಾಕೆ. ಚೈತನ್ಯಾ ನಲವತ್ತು ಪುಟದ ನೀತಿ ಬರೆದಳು. ಪ್ರತಿ ಉತ್ತರಕ್ಕೂ ಮೂರು ಪ್ರತಿ ಎಂದಾಯಿತು: ಒಂದು ಒಲೆಗೆ, ಒಂದು ಬೀರುವಿಗೆ, ಇನ್ನೊಂದು ಒಲೆಗೆ ಹಾಕಿದ್ದಕ್ಕೆ ಸಾಕ್ಷಿಯಾಗಿ ಅದೇ ಬೀರುವಿಗೆ. ದೈವಭಕ್ತನೆಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಮಾಹಿತಿ ರಕ್ಷಣಾಧಿಕಾರಿಯಾಗಿ ನೇಮಿಸಲಾಯಿತು. ಬೀರುವಿನ ಕೀಲಿಕೈ ನನ್ನ ಜನಿವಾರದಲ್ಲಿದೆ.

ಜ್ಯೇಷ್ಠ ಶುದ್ಧ ಏಕಾದಶಿಯಂದು ಹಸಿರು ಬೊಟ್ಟು ಬಂದಿತು. ಆರಿದ್ರಾ ಹಿಡಿಯುವ ಮೊದಲೇ ಮೂವತ್ತೆರಡು ಭರಣಿಯೂ ತಳ ಕಂಡವು. ಏಳು ಹೆಂಗಸರು ಉಳಿದರಷ್ಟೇ ಅಲ್ಲ, ಒಂಬತ್ತಾದರು. ಹೊಸಬರಿಬ್ಬರು ಉಪ್ಪಿನಕಾಯಿ ಮುಟ್ಟುವುದಿಲ್ಲ, ಪಟ್ಟಿ ಬರೆಯುತ್ತಾರೆ. ಮೊದಲು ಚೀಟಿ ಸುಟ್ಟರೆ ನೀರು ಉಗುರುಬೆಚ್ಚಗಾಗುತ್ತಿತ್ತು. ಈಗ ಒಬ್ಬೊಬ್ಬರದೂ ಆರು ಪುಟ, ಹಂಡೆ ಕುದಿಯುತ್ತದೆ.

ಮೈಸೂರಿನ ಸುಮನಾ ಮೂವತ್ತೊಂದಕ್ಕೂ ಉತ್ತರಿಸಿ, ಜಾಗ ಸಾಲದೆ ಅತ್ತೆಯ ಬಗ್ಗೆ ಎರಡು ಹಾಳೆ ಹೆಚ್ಚಿಗೆ ಬರೆದು, “ನನ್ನ ಮಾಹಿತಿ ಈಗ ಭದ್ರವಾಯಿತು, ನೆಮ್ಮದಿ” ಎಂದು ಮುಗಿಸಿದ್ದರು. ಹೂವಮ್ಮ ಅದನ್ನು ಎರಡು ಸಲ ಓದಿಸಿಕೊಂಡರು.

“ನಂಗೆ ಇವ್ಳ ಬಗ್ಗೆ ಎಂತದೂ ಗೊತ್ತಿಲ್ದಿದ್ದಾಗ ಹೆದರ್ಕಂಡು ಓಡಿದ್ಲು. ಈಗ ಅವ್ಳ ಅತ್ತೆ ಮಂಡಿನೋವೂ ಗೊತ್ತು, ನಂಬಿದ್ಲು. ದೊಡ್ಡವ್ರು ಮಾಡಿದ ನಿಯಮ, ಸರಿಯೇ ಇರ್ಬೇಕು” ಎಂದು ಹಸಿರು ಬೊಟ್ಟಿಗೆ ಆರತಿ ಎತ್ತಿದರು. ನಾನು ಗಂಟೆ ಬಾರಿಸಿದೆ.

ಇದನ್ನು ಓದಿದವರಿಗೂ, ಕೂತು ಕೇಳಿದವರಿಗೂ ಅಘೋರೇಶ್ವರನು ಆಯುರಾರೋಗ್ಯ ಕೊಡಲಿ. ನಿಮ್ಮ ಊಟದೆಲೆಯ ತುದಿಗೆ ಮಿಡಿ ತಪ್ಪದಿರಲಿ. ನಿಮ್ಮ ಮನದ ಗುಟ್ಟು ನಿಮ್ಮ ಮತ್ತು ಅವನ ನಡುವೆಯೇ ಉಳಿಯಲಿ. ಎರಡು ಪ್ರತಿ ಮಾತ್ರ ನಮ್ಮ ಬೀರುವಿನಲ್ಲಿ.