ಬೆನ್ನ ಮೇಲಿನ ಉಂಗುರ

ನನ್ನ ಕಾಯಿಲೆಯನ್ನು ಯಾವ ಡಾಕ್ಟರೂ ಕಂಡುಹಿಡಿಯಲಿಲ್ಲ, ನಾನೇ ಕಂಡುಹಿಡಿದೆ. ಅದೂ ಒಂದು ಭಾನುವಾರ, ಬಿಟಿಎಂ ಲೇಔಟಿನ ಸೈಬರ್ ಸೆಂಟರಿನಲ್ಲಿ ಕುಳಿತು, ಯಾರ ಸಹಾಯವೂ ಇಲ್ಲದೆ! ಸಹಾಯಕ್ಕೆ ಯಾರೂ ಇರಲಿಲ್ಲ ಎನ್ನುವುದು ಬೇರೆ ಮಾತು.

ಕಾಯಿಲೆಯ ಹೆಸರು ಲೈಮ್. ಉಣ್ಣಿ ಕಚ್ಚಿದರೆ ಬರುತ್ತದಂತೆ. ದನ, ನಾಯಿಗಳ ಮೈಗೆ ಅಂಟಿ ರಕ್ತ ಹೀರುವ ಆ ಹುಳ ಹಲವು ವರ್ಷಗಳ ಹಿಂದೆ ನನ್ನ ಬೆನ್ನಿಗೂ ಅಂಟಿತ್ತು. ಕನಕಪುರದ ಕಡೆಯ ಒಂದು ಹಳ್ಳಿಯಲ್ಲಿ ಕೊಟ್ಟಿಗೆಯ ಪಕ್ಕ ಮಲಗಿದ್ದರ ಫಲ. ಅದನ್ನು ಕಿತ್ತವನು ಬಸವರಾಜ. ಗದಗದಿಂದ ನನ್ನ ಜೊತೆಗೇ ಬಂದು ಒಂದೇ ರೂಮಿನಲ್ಲಿದ್ದ ಗೆಳೆಯ. ಆಮೇಲೆ ಅವನಿಗೆ ಮದುವೆಯಾಯಿತು, ಸುಬ್ರಹ್ಮಣ್ಯಪುರಕ್ಕೆ ಹೋದ. ರೂಮು, ಬಾಡಿಗೆ ಮತ್ತು ಬೆನ್ನು ನನ್ನ ಪಾಲಿಗೆ ಉಳಿದವು.

ಕಂಪ್ಯೂಟರ್ ಹೇಳಿದ ಲಕ್ಷಣಗಳು: ಸುಸ್ತು, ಮರೆವು, ಮೊಣಕಾಲು ನೋವು. ಎಲ್ಲವೂ ಇದ್ದವು! ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಇದ್ದವು, ಆದರೆ ಅವರಿಗೆ ಉಣ್ಣಿ ಕಚ್ಚಿರಲಿಲ್ಲ. ಜೊತೆಗೆ, ಕಚ್ಚಿದ ಕಡೆ ಉಂಗುರದಂಥ ಕೆಂಪು ಗುರುತು ಇರಬೇಕಂತೆ. ಬೆನ್ನು ಈಚೆಗೆ ತುರಿಸುತ್ತಲೂ ಇತ್ತು. ಗುರುತು ಇದೆಯೇ?

ಇಲ್ಲಿ ಒಂದು ತೊಡಕು ಎದುರಾಯಿತು. ಒಂಟಿ ಮನುಷ್ಯನಿಗೆ ತನ್ನ ಬೆನ್ನು ಕಾಣುವುದಿಲ್ಲ. ಶೇವಿಂಗ್ ಕನ್ನಡಿಯನ್ನು ಹೆಗಲ ಮೇಲೆ ಹಿಡಿದು ತಿರುಗಿದೆ. ಕಿಟಕಿ ಕಂಡಿತು, ಫ್ಯಾನು ಕಂಡಿತು, ಬೆನ್ನು ಕಾಣಲಿಲ್ಲ. ಕುತ್ತಿಗೆ ಉಳುಕಿತು. ಕುತ್ತಿಗೆ ನೋವೂ ಲಕ್ಷಣಗಳಲ್ಲಿತ್ತು! ಕೆಳಗಿನ ಮನೆಯ ಓನರ್ ಆಂಟಿಗೆ "ಸ್ವಲ್ಪ ನನ್ನ ಬೆನ್ನು ನೋಡ್ತೀರಾ?" ಎಂದರೆ ಪ್ರಾಣಕ್ಕಿಂತ ಮೊದಲು ರೂಮು ಹೋಗುತ್ತದೆ.

ಹಿಂದೆ, ಮುಂದೆ ಎರಡೂ ಕಡೆ ಕನ್ನಡಿ ಇರುವ ಜಾಗ ಒಂದೇ. ಕಟಿಂಗ್ ಶಾಪಿಗೆ ಹೋದೆ.

"ಕಟಿಂಗಾ, ಶೇವಿಂಗಾ ಸಾರ್?"

"ಬೆನ್ನು," ಎಂದು ಅಂಗಿ ಬಿಚ್ಚಿದೆ.

"ಅಯ್ಯೋ, ಗುಂಡಗೆ ಕೆಂಪಗಾಗೈತಲ್ಲ ಸಾರ್! ಬಳೆ ಒತ್ತಿದಂಗೆ!"

ಕಾಯುತ್ತಿದ್ದವರೆಲ್ಲ ಪೇಪರ್ ಮಡಿಸಿಟ್ಟು ಎದ್ದು ಬಂದರು. ಒಬ್ಬರು ಸರ್ಪಸುತ್ತು ಎಂದರು, ಇನ್ನೊಬ್ಬರು ಹುಳುಕಡ್ಡಿ ಎಂದರು. "ಊಟ ಸೇರುತ್ತಾ? ನಿದ್ದೆ ಬರುತ್ತಾ?" ಎಂದು ಅಂಕಲ್ ಒಬ್ಬರು ಹೆಗಲ ಮೇಲೆ ಕೈಯಿಟ್ಟು ಕೇಳಿದರು. ನಾಚಿಕೆಗೇಡು, ಆದರೂ ಹೇಳುತ್ತೇನೆ: ನನಗೆ ಖುಷಿಯಾಯಿತು. ಹಾಗೆ ಯಾರಾದರೂ ಕೇಳಿ ಎಷ್ಟೋ ಕಾಲವಾಗಿತ್ತು.

ಅಲ್ಲಿಂದಲೇ ಬಸವರಾಜನಿಗೆ ಫೋನ್ ಮಾಡಿದೆ. "ಲೇ ಬಸ್ಯಾ, ಅವತ್ತ ನನ್ನ ಬೆನ್ನಾಗಿಂದ ಉಣ್ಣಿ ಕಿತ್ತಿದ್ದಿಯಲ್ಲ, ಅಲ್ಲಿ ಕೆಂಪಗ ಉಂಗುರ ಇತ್ತೇನು?"

"ಯಾವ ಉಣ್ಣಿಲೇ? ಕೂಸು ಅಳಾಕತ್ತೇತಿ, ಆಮ್ಯಾಲೆ ಮಾಡ್ತೀನಿ."

ಮಾಡಲಿಲ್ಲ. ನಾನು ಸತ್ತರೂ ಕೂಸು ಮಲಗಿದ ಮೇಲೇ ಇವನಿಗೆ ತಿಳಿಯುವುದು ಎಂದುಕೊಂಡೆ.

ಮರುದಿನ ಜಯನಗರದ ಡಾಕ್ಟರು ಉಣ್ಣಿಯಿಂದ ಮೊಣಕಾಲಿನವರೆಗೆ ನನ್ನ ಕಥೆಯನ್ನೆಲ್ಲ ಕೇಳಿ ಬೆನ್ನು ನೋಡಿದರು. "ಉಂಗುರ ಬರೋದಾದ್ರೆ ಕಚ್ಚಿದ ಕೆಲವೇ ವಾರದಲ್ಲಿ ಬರುತ್ತೆ ಕಣ್ರೀ, ಇಷ್ಟು ವರ್ಷ ಆದ್ಮೇಲಲ್ಲ. ತುರಿಸಿದ್ರೆ ಏನ್ ಮಾಡ್ತೀರಿ?"

ಬಾಯಲ್ಲಿ ಹೇಳಲಾಗದೆ ಮಾಡಿ ತೋರಿಸಿದೆ. ಅವರ ಬಾಗಿಲಿಗೂ ನನ್ನ ರೂಮಿನ ಬಾಗಿಲಿನಂತೆಯೇ ತಿರುಗಿಸಿ ತೆಗೆಯುವ ಗುಂಡು ಹಿಡಿ ಇತ್ತು. ಅದಕ್ಕೆ ಬೆನ್ನು ಒತ್ತಿ, ಮೊಣಕಾಲು ಮಡಿಸಿ ಮೇಲೆ ಕೆಳಗೆ, ಸುತ್ತ ಗುಂಡಗೆ ಉಜ್ಜಿದೆ.

"ಉಂಗುರ ಈ ಹಿಡೀದು. ಮೊಣಕಾಲು ನೋವಿಗೂ ಕಾರಣ ಸಿಕ್ತು!" ಎಂದರು ಡಾಕ್ಟರು. "ಒಣ ಚರ್ಮ, ಅಷ್ಟೇ. ದಿನಾ ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚಿಸ್ಕೊಳ್ಳಿ. ಮನೇಲಿ ಯಾರಿದಾರೆ?"

"ಬಾಗಿಲು ಇದೆ ಸಾರ್."

ಇಬ್ಬರೂ ನಕ್ಕೆವು. ಮೆಟ್ಟಿಲು ಇಳಿಯುವಾಗ ನನ್ನ ನಗು ನಿಂತಿತು. ಕಾಯಿಲೆ ಇಲ್ಲವಂತೆ ಎಂದು ಹೇಳೋಣವೆಂದರೆ ಯಾರೂ ಇರಲಿಲ್ಲ.

ಸಂಜೆ ಎಣ್ಣೆ ತಂದೆ. ಬೆನ್ನಿಗೆ ಕೈ ಎಟುಕದು. ಆದ್ದರಿಂದ ಬಾಗಿಲಿನ ಹಿಡಿಗೇ ಧಾರಾಳವಾಗಿ ಹಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತೆ. ಅಷ್ಟರಲ್ಲಿ ಆಚೆಯಿಂದ ಯಾರೋ ಬಾಗಿಲು ಬಡಿದರು.

"ಬಾಗಿಲಾ ತಗೀಲೇ! ಏನಾಗೇತಿ ನಿನಗ? ಫೋನ್ ಇಟ್ಟಾಗಿಂದ ನನಗ ಊಟ ಸೇರವಲ್ದು!"

ಬಸವರಾಜ! ಗಕ್ಕನೆ ಹೊರಳಿ ಹಿಡಿ ತಿರುಗಿಸಿದೆ. ಜಾರಿತು. ಎರಡೂ ಕೈಯಲ್ಲಿ ಹಿಡಿದೆ. ಮತ್ತೂ ಜಾರಿತು!

"ಒಳಗ ಅದಿಯೇನ್ಲೇ? ಇಲ್ಲಂದ್ರ ಹೋಗ್ತೀನಿ ನೋಡು!"

ಎಷ್ಟೋ ಕಾಲದ ಮೇಲೆ ನನ್ನನ್ನು ಹುಡುಕಿಕೊಂಡು ಒಬ್ಬ ಬಂದಿದ್ದ. ನಾನು ಅವನ ದಾರಿಗೆ ಎಣ್ಣೆ ಬಳಿದಿಟ್ಟಿದ್ದೆ!

"ಹೋಗಬ್ಯಾಡಲೇ ಬಸ್ಯಾ!" ಟವೆಲ್ಲಿಗಾಗಿ ತಡಕಾಡುತ್ತ ಕೂಗಿದೆ. "ನಿಂದ್ರು, ಒರಸಾಕತ್ತೀನಿ!"